ತಸ್ವೀರು ಮತ್ತು ತಸವ್ವುರು

ಹೊಸ ಕಲಾವಿದರ ಚಿತ್ರಗಳ ಮುಂದೆ ನಿಂತ ನಮ್ಮ ಜನ ಸಾಮಾನ್ಯವಾಗಿ ಎರಡೇ ಪ್ರಶ್ನೆ ಕೇಳುತ್ತಾರೆ. ಇದು ಏನು? ಇದಕ್ಕೆಷ್ಟು? ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು 2004ರಿಂದ ಕುಮಾರಕೃಪಾ ರಸ್ತೆಯಲ್ಲಿ ನಡೆಸಿಕೊಂಡು ಬಂದಿರುವ ಚಿತ್ರಸಂತೆಯಲ್ಲಿ ಎರಡನೆಯ ಪ್ರಶ್ನೆಗೆ ಉತ್ತರ ಸುಲಭ. ನೂರು ರೂಪಾಯಿಂದ ಲಕ್ಷದವರೆಗೆ ಅಲ್ಲಿ ಚಿತ್ರಗಳಿವೆ. ಮೊದಲನೆಯ ಪ್ರಶ್ನೆ ಎದುರಾದಾಗ ಮಾತ್ರ ಫುಟ್‌ಪಾತಿನ ಮೇಲೆ ಚಿತ್ರ ಒರಗಿಸಿಕೊಂಡು ಕೂತ ಹುಡುಗ ತಡವರಿಸುತ್ತಾನೆ. ಪಕ್ಕದಲ್ಲಿ ಬುದ್ಧನ ಮುಖ, ಓಡುವ ಏಳು ಕುದುರೆಗಳು, ಯಕ್ಷಗಾನದ ಕಿರೀಟ ಬರೆದವನಿಗೆ ಆ ತೊಂದರೆಯಿಲ್ಲ. ಅವನ ಚಿತ್ರ ಯಾರಿಗೂ ವಿವರಣೆ ಬೇಡುವುದಿಲ್ಲ. ಆದ್ದರಿಂದಲೇ ಅದು ಬೇಗ ಮಾರಾಟವಾಗುತ್ತದೆ, ಬೇಗ ಮರೆತೂ ಹೋಗುತ್ತದೆ.

ಮುಸ್ಲಿಮರಲ್ಲಿ ಇನ್ನೊಂದು ಪ್ರಶ್ನೆಯೂ ಉಂಟು. ಇದು ಸರಿಯೇ? ಉರ್ದುವಿನಲ್ಲಿ ಚಿತ್ರಕ್ಕೆ ತಸ್ವೀರ್ ಎನ್ನುತ್ತೇವೆ, ಕಲ್ಪನೆಗೆ ತಸವ್ವುರ್. ಎರಡೂ ಒಂದೇ ಅರಬಿ ಧಾತುವಿನಿಂದ ಹುಟ್ಟಿದ ಪದಗಳು. ಅಲ್ಲಾಹನ ನಾಮಗಳಲ್ಲಿ ಒಂದಾದ ಅಲ್ ಮುಸವ್ವಿರ್, ಅಂದರೆ ರೂಪ ಕೊಡುವವನು, ಎಂಬುದರ ಮೂಲವೂ ಅದೇ. ಚಿತ್ರ ಬರೆಯುವವನು ಸೃಷ್ಟಿಕರ್ತನೊಂದಿಗೆ ಪೈಪೋಟಿಗಿಳಿಯುತ್ತಾನೆಂಬ ಆತಂಕ ಇಲ್ಲಿಂದಲೇ ಬಂದದ್ದು. ವಿದ್ವಾಂಸರು ಇದರ ಬಗ್ಗೆ ಶತಮಾನಗಳಿಂದ ಚರ್ಚಿಸಿದ್ದಾರೆ. ಮರ, ಬೆಟ್ಟ, ನಿರ್ಜೀವ ವಸ್ತುಗಳನ್ನು ಬರೆಯಬಹುದೆಂದು ಬಹುಪಾಲು ಜನ ಒಪ್ಪಿದ್ದಾರೆ. ಜೀವಿಗಳ ವಿಷಯದಲ್ಲಿ ಭಿನ್ನಾಭಿಪ್ರಾಯವಿದೆ. ಅದನ್ನು ತೀರ್ಮಾನಿಸಲು ನಾನು ಆಲಿಮನಲ್ಲ. ಆದರೆ ಚಿತ್ರ ನಮ್ಮದಲ್ಲವೇ ಅಲ್ಲ ಎನ್ನುವವರಿಗೆ ಹಳೆಯ ಮನೆಗಳ ಗೋಡೆಯಲ್ಲಿ ತೂಗುತ್ತಿದ್ದ ಬುರಾಖಿನ ಕ್ಯಾಲೆಂಡರನ್ನು ನೆನಪಿಸಬೇಕು. ಕುದುರೆಯ ಮೈ, ಹಕ್ಕಿಯ ರೆಕ್ಕೆ, ಹೆಣ್ಣಿನ ಮುಖ. ಅದಕ್ಕಿಂತ ಕಲ್ಪನೆಯ ಚಿತ್ರ ಯಾವುದಿದೆ? ಟಿಪ್ಪುವಿನ ಆಯುಧಗಳ ಮೇಲಿನ ಹುಲಿಮುಖವನ್ನು ನೋಡಿ. ಅಸದುಲ್ಲಾಹಿಲ್ ಗಾಲಿಬ್ ಎಂಬ ಅಕ್ಷರಗಳೇ ಕಣ್ಣು, ಮೂಗು, ಪಟ್ಟೆಗಳಾಗಿವೆ. ಬರಹವೇ ಹುಲಿಯಾಗಿದೆ. ಇತ್ತ ಹನೂರಿನ ಬೆಟ್ಟದಲ್ಲಿ ಮಾದಪ್ಪ ಹುಲಿಯನ್ನೇರಿ ಕೂತಿದ್ದಾನೆ. ಆ ಪಟವನ್ನು ನೋಡಿ ಅರ್ಥವಾಗಲಿಲ್ಲ ಎಂದವರನ್ನು ನಾನು ಕಂಡಿಲ್ಲ.

ನಮ್ಮ ಕಡೆ ಕಲ್ಪನೆಗೆ ಬರವೇನೂ ಇಲ್ಲ. ಯಳಂದೂರಿನ ಗೌರೀಶ್ವರ ದೇವಾಲಯದ ಬಳೆಮಂಟಪದಲ್ಲಿ ಕಲ್ಲನ್ನು ಬಳೆಯಾಗಿಸಿ, ಬಳೆಯೊಳಗೆ ಬಳೆ ಕೋದು ಸರಪಳಿಯಾಗಿ ತೂಗಬಿಟ್ಟಿದ್ದಾರೆ. ಬಳೆ ಯಾವುದರ ಸಂಕೇತ ಎಂದು ಯಾರೂ ಕೇಳುವುದಿಲ್ಲ, ಮಕ್ಕಳು ಕತ್ತೆತ್ತಿ ನೋಡುತ್ತಾ ನಿಲ್ಲುತ್ತಾರೆ ಅಷ್ಟೇ.

ಇತ್ತೀಚಿನದಾದರೆ ಲಂಟಾನದ ಆನೆಗಳು. ಅಲಂಕಾರದ ಗಿಡವೆಂದು ಹೊರಗಿನಿಂದ ತಂದ ಲಂಟಾನ ಮಲೆ ಮಹದೇಶ್ವರ ಬೆಟ್ಟದ ಕಾಡನ್ನು ನುಂಗಿತು; ಹುಲ್ಲು ಹೋಯಿತು, ಆನೆಯ ದಾರಿ ಮುಚ್ಚಿತು. ಅದೇ ಕಳೆಯ ಕಡ್ಡಿಗಳನ್ನು ಬೇಯಿಸಿ, ತೊಗಟೆ ಸುಲಿದು, ಬಾಗಿಸಿ ಸೋಲಿಗರು ಮೊದಲು ಕುರ್ಚಿ ಮೇಜು ಮಾಡಿದರು, ಆಮೇಲೆ ಜೀವಂತ ಆನೆಯ ಗಾತ್ರದ ಆನೆಗಳನ್ನೇ ಮಾಡಿದರು. 2024ರ ಫೆಬ್ರವರಿಯಲ್ಲಿ ಲಂಟಾನದ ಆನೆಗಳ ಹಿಂಡು ಬೆಂಗಳೂರಿನ ಲಾಲ್‌ಬಾಗಿನಲ್ಲಿ ನಿಂತಿತ್ತು. ಕಡ್ಡಿ ಓಡುವ ದಿಕ್ಕೇ ಅಲ್ಲಿ ಗೆರೆ. ಹೊಟ್ಟೆಯ ಮೇಲೆ ಸಡಿಲವಾಗಿ, ಸೊಂಡಿಲಿನಲ್ಲಿ ಬಿಗಿಯಾಗಿ ಸುತ್ತಿದ ಆ ಗೆರೆಗಳು ಆನೆಯನ್ನು ಬಲ್ಲವರ ಕೈಯವು. ಆನೆಯನ್ನು ಹಸಿವಿಗೆ ದೂಡಿದ ಗಿಡದಿಂದಲೇ ಆನೆ! ಇದನ್ನು ಕರಕುಶಲ ಎಂದು ಕರೆದು ಬದಿಗಿಡುವವರ ವಿಂಗಡಣೆಯನ್ನು ನಾನು ಒಪ್ಪಲಾರೆ.

ಇನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್. 1780ರ ಪೊಳ್ಳಿಲೂರು ಯುದ್ಧದ ಭಿತ್ತಿಚಿತ್ರದಲ್ಲಿ ಮದ್ದಿನ ಬಂಡಿ ಸಿಡಿಯುತ್ತಿದೆ, ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚುತ್ತಿದ್ದಾನೆ. ಹತ್ತಿರದ್ದು ದೊಡ್ಡದು, ದೂರದ್ದು ಚಿಕ್ಕದು ಎಂಬ ನಿಯಮ ಅಲ್ಲಿಲ್ಲ. ಒಂದೇ ಗೋಡೆಯಲ್ಲಿ ಇಡೀ ದಿನವೇ ನಡೆದುಹೋಗುತ್ತದೆ. ವೆಲ್ಲೆಸ್ಲಿ ಅದನ್ನು ದುರಸ್ತಿ ಮಾಡಿಸಿದ, ಡಾಲ್‌ಹೌಸಿಯ ಕಾಲದಲ್ಲಿ ಮತ್ತೆ ಬಣ್ಣ ಹಚ್ಚಿದರು. ಸೋತವರೇ ತಮ್ಮ ಸೋಲಿನ ಚಿತ್ರವನ್ನು ಉಳಿಸಿಕೊಂಡದ್ದು ಚಿತ್ರದ ಬಲ.

ಹಾಗೆಂದು ಕಲ್ಪನೆ ಎಂಬ ಹೆಸರಿನಲ್ಲಿ ಬರುವುದೆಲ್ಲ ಒಳ್ಳೆಯದಲ್ಲ. ತೇಲುವ ಕಣ್ಣು, ಕರಗುವ ಗಡಿಯಾರ, ಕೊರಳಿಂದ ಚಿಮ್ಮಿದ ಮರ ಇವುಗಳಲ್ಲಿ ಅರ್ಧ ದಾಲಿಯಿಂದ, ಇನ್ನರ್ಧ ಇಂಟರ್ನೆಟ್ಟಿನಿಂದ ಸಾಲ ತಂದವು. ನನ್ನ ಪರೀಕ್ಷೆ ಸರಳ: ಆ ಮರ ಯಾವ ಊರಿನದು? ಹಿಪ್ಪುನೇರಳೆ ತೋಟದ ನಡುವೆ ಬೆಳೆದ ಕೊಳ್ಳೇಗಾಲದ ಹುಡುಗಿಯ ಚಿತ್ರದಲ್ಲಿ ರೇಷ್ಮೆಗೂಡು ಚಂದ್ರನಷ್ಟು ದೊಡ್ಡದಾಗಿದ್ದರೆ ನಾನು ನಂಬುತ್ತೇನೆ, ಏಕೆಂದರೆ ಅವಳ ಮನೆಯ ಸಾಲದ ಲೆಕ್ಕ ಅದರ ಸುತ್ತಲೇ ತಿರುಗಿರುತ್ತದೆ.

ಆದರೆ ಅವಳು ಬರೆಯುವುದೆಲ್ಲಿ, ತೋರಿಸುವುದೆಲ್ಲಿ? ನಮ್ಮ ಹೆಣ್ಣುಮಕ್ಕಳ ಗೆರೆಯನ್ನು ಮೆಹಂದಿಗೆ, ಕಸೂತಿಗೆ ಸೀಮಿತಗೊಳಿಸಿದ್ದೇವೆ. ಅಂಗೈ ಮೇಲಿನ ಚಿತ್ರ ವಾರದಲ್ಲಿ ಮಾಸುತ್ತದೆ. ಗ್ಯಾಲರಿ ಅಂದರೆ ಮೈಸೂರು, ಬೆಂಗಳೂರು ಎಂದು ಕಾಯಬೇಕಿಲ್ಲ. ಶಾದಿಮಹಲುಗಳಲ್ಲಿ ಮದುವೆಯಿಲ್ಲದ ದಿನಗಳೇ ಹೆಚ್ಚು, ಗೋಡೆಗಳೂ ಉದ್ದವಾಗಿವೆ. ರಂಜಾನ್ ಹಬ್ಬದ ಮಾರನೆಯ ದಿನ ನೆಂಟರಿಷ್ಟರು ಊರಲ್ಲೇ ಇರುತ್ತಾರೆ. ಮೊಳೆ, ದಾರ, ಮತ್ತು ಚಿತ್ರದ ಕೆಳಗೆ ಬರೆದವರ ಹೆಸರು, ಇಷ್ಟು ಸಾಕು ಶುರು ಮಾಡಲು.