ಕಮಿಟಿ ಜವಾಬ್ದಾರಲ್ಲ ಎಂಬ ಸಾಲು

ದೀಪಾವಳಿ ಮುಗಿಯುತ್ತಿದ್ದಂತೆ ಶಿಕಾರಿಪುರ, ಸೊರಬದ ಊರೂರಿನ ಬಾಗಿಲಲ್ಲಿ ಹೋರಿ ಹಬ್ಬದ ಬ್ಯಾನರುಗಳು ಏಳುತ್ತವೆ. ಮೇಲೆ ಗ್ರಾಮದೇವರ ಚಿತ್ರ, ನಡುವೆ ಹೆಸರು ಮಾಡಿದ ಹೋರಿಗಳ ಫೋಟೊ, ಪಕ್ಕದಲ್ಲಿ ಪುನೀತ್ ರಾಜ್‌ಕುಮಾರ್, ಅದರ ಕೆಳಗೆ ಬೈಕು, ಬಂಗಾರ ಎಂದು ಬಹುಮಾನದ ಪಟ್ಟಿ. ಎಲ್ಲಕ್ಕೂ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ: ಹೋರಿಗಾಗಲಿ ಜನರಿಗಾಗಲಿ ಏನೇ ಅನಾಹುತವಾದರೂ ಕಮಿಟಿ ಜವಾಬ್ದಾರಲ್ಲ. ಈ ಹಬ್ಬದ ಸುತ್ತ ಪ್ರಾಣಿಹಿಂಸೆಯ ಚರ್ಚೆ ಸಾಕಷ್ಟು ನಡೆದಿದೆ. ನನ್ನ ತಕರಾರು ಆ ಕೊನೆಯ ಸಾಲಿನ ಮೇಲೆ. ಹತ್ತು ಹನ್ನೆರಡು ವರ್ಷದ ಹುಡುಗನ ಮಟ್ಟಿಗೆ ಅದು ನ್ಯಾಯವೂ ಅಲ್ಲ, ಕಾನೂನಿನ ಮುಂದೆ ನಿಲ್ಲುವ ಮಾತೂ ಅಲ್ಲ.

ಮೊದಲು ಹಬ್ಬಕ್ಕೆ ಸಲ್ಲಬೇಕಾದ್ದನ್ನು ಸಲ್ಲಿಸಬೇಕು. ವರ್ಷವಿಡೀ ಹುರುಳಿ, ಹಿಂಡಿ ಹಾಕಿ, ಮೈ ತಿಕ್ಕಿ, ಕೆರೆಯಲ್ಲಿ ಈಜಿಸಿ ಸಾಕಿದ ಹೋರಿಗೆ ಅವತ್ತು ಜೂಲ ಹೊದಿಸಿ, ಕೊಂಬಿಗೆ ಬಲೂನು, ರಿಬ್ಬನ್ನು ಕಟ್ಟಿ, ಕೊರಳಿಗೆ ಒಣಕೊಬ್ಬರಿಯ ಹಾರ ಹಾಕಿ, ಆರತಿ ಎತ್ತಿ ಅಖಾಡಕ್ಕೆ ತರುತ್ತಾರೆ. ಓಡುವ ಹೋರಿಯ ಮೈಮೇಲೆ ಬಿದ್ದು ಕೊಬ್ಬರಿ ಹರಿಯುವುದು ಹಿಡಿಯುವವರ ಗೆಲುವು. ಯಾರ ಕೈಗೂ ಸಿಗದೆ ದಾಟಿ ಹೋದರೆ ಹೋರಿಯ ಗೆಲುವು. ಎರಡು ಎಕರೆಯ ಬಡ ರೈತನ ಮನೆಯೂ ಒಂದು ಹೋರಿಯಿಂದ ನಾಲ್ಕು ತಾಲ್ಲೂಕಿನಲ್ಲಿ ಹೆಸರಾಗುತ್ತದೆ. ಟ್ರ್ಯಾಕ್ಟರು ಬಂದು ಎತ್ತಿನ ಕೆಲಸವೇ ಕಳೆದುಹೋದ ಮೇಲೂ ಕೊಟ್ಟಿಗೆಯಲ್ಲಿ ಗಂಡುಕರು ಉಳಿದಿದ್ದರೆ ಅದರಲ್ಲಿ ಈ ಹಬ್ಬದ ಪಾಲು ದೊಡ್ಡದು. ಇದು ನಿಲ್ಲಬೇಕು ಎನ್ನುವವರ ಜೊತೆ ನಾನಿಲ್ಲ.

ಹಬ್ಬವನ್ನು ಸಮರ್ಥಿಸುವವರು ವೀರಗಲ್ಲುಗಳ ಮಾತನ್ನೂ ಎತ್ತುತ್ತಾರೆ. ಅದು ಸುಮ್ಮನೆ ಆಡುವ ಮಾತಲ್ಲ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 7 ಮತ್ತು 8ನೇ ಸಂಪುಟಗಳಲ್ಲಿ ಈ ಎರಡು ತಾಲ್ಲೂಕುಗಳ ಶಾಸನಗಳಿವೆ. ತುರು ಕಾದು ಸತ್ತವರ ಕಲ್ಲುಗಳು ಅಲ್ಲಿ ಮತ್ತೆ ಮತ್ತೆ ಎದುರಾಗುತ್ತವೆ. ದನಕ್ಕಾಗಿ ಪ್ರಾಣ ಕೊಡುವುದನ್ನು ಗೌರವಿಸಿದ ನೆಲ ಇದು, ನಿಜ. ಆದರೆ ಕಲ್ಲಿನಲ್ಲಿ ನಿಂತಿರುವುದು ತಿಳಿದೂ ಮುನ್ನುಗ್ಗಿದ ವಯಸ್ಕನ ಸಾವು. ಬಲೂನಿನ ಆಸೆಗೆ ಅಡ್ಡ ಬಂದ ಶಾಲೆಯ ಹುಡುಗನನ್ನು ಆ ಪರಂಪರೆಗೆ ಸೇರಿಸಿದರೆ ವೀರರಿಗೂ ಗೌರವವಾಗದು, ಹುಡುಗನಿಗೂ ನ್ಯಾಯವಾಗದು.

2022ರ ದೀಪಾವಳಿಯ ಹೊತ್ತಿಗೆ ಈ ಭಾಗದ ಹೋರಿ ಹಬ್ಬಗಳಿಂದ ಒಂದರ ಹಿಂದೊಂದು ಸಾವಿನ ಸುದ್ದಿ ಬಂತು. ಬೆದರಿದ ಹೋರಿಯ ಕೊಂಬಿಗೆ ಹಿಡಿಯುವವನೂ ಒಂದೇ, ನೋಡುವವನೂ ಒಂದೇ. ಆಗೆಲ್ಲ ಮೊದಲು ಕೇಳಿಬರುವ ಪ್ರಶ್ನೆ: ‘ಅವನನ್ನ ಯಾರು ಒಳಗೆ ಬಿಟ್ಟರು?’ ಹುಡುಗನಾದರೆ ಇನ್ನೊಂದು ಮಾತು ಸೇರುತ್ತದೆ: ‘ಅಪ್ಪ ಅಮ್ಮ ಏನು ಮಾಡ್ತಿದ್ರು?’ ಹುಡುಗ ಅತಿಕ್ರಮ ಪ್ರವೇಶ ಮಾಡಿದ, ಅನುಭವಿಸಿದ ಎಂಬಲ್ಲಿಗೆ ವಿಚಾರಣೆ ಮುಗಿದುಹೋಗುತ್ತದೆ.

ಆದರೆ ಅಖಾಡ ಎಂದರೆ ಯಾವ ಜಾಗ? ಹೆಚ್ಚಿನ ಊರುಗಳಲ್ಲಿ ಅದು ಊರ ನಡುವಿನ ಬೀದಿ. ಹುಡುಗ ದಿನಾ ಶಾಲೆಗೆ ಹೋಗುವ, ಹಾಲಿನ ಡೇರಿಗೆ ಓಡುವ ದಾರಿ. ಎರಡೂ ಬದಿಯ ಮನೆಗಳ ಜಗುಲಿಯೇ ಗ್ಯಾಲರಿ, ಕಂಪೌಂಡು ಗೋಡೆಯೇ ತಡೆ. ಅಲ್ಲಿ ಅತಿಕ್ರಮಿಸಿದವನು ಹುಡುಗನಲ್ಲ. ಒಂದು ದಿನದ ಮಟ್ಟಿಗೆ ಬೀದಿಯನ್ನು ಎರವಲು ಪಡೆದವರು ಕಮಿಟಿಯವರು. ಎರವಲು ಪಡೆದ ಜಾಗವನ್ನು ಕಾಯುವ ಹೊಣೆ ಪಡೆದವರದೇ.

ಹೊಲದಲ್ಲೋ ಗದ್ದೆಯಲ್ಲೋ ಬೇಲಿ ಹಾಕಿಯೇ ನಡೆಸಿದರು, ಹುಡುಗ ಅದನ್ನು ನುಸುಳಿಯೇ ಬಂದ ಎಂದಿಟ್ಟುಕೊಳ್ಳೋಣ. ಆಗಲೂ ಕಾನೂನು ಅವನನ್ನು ಕೈಬಿಡುವುದಿಲ್ಲ. ಚೆರುಬಿನ್ ಗ್ರೆಗರಿ ವಿರುದ್ಧ ಬಿಹಾರ ರಾಜ್ಯ ಪ್ರಕರಣದಲ್ಲಿ 1963ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. ನೆರೆಯವರು ತನ್ನ ಶೌಚಾಲಯ ಬಳಸದಂತೆ ಒಬ್ಬ ಅಲ್ಲಿಗೆ ಕರೆಂಟಿನ ತಂತಿ ಎಳೆದಿದ್ದ. ಮಹಿಳೆಯೊಬ್ಬರು ಅದು ತಗುಲಿ ಸತ್ತರು. ನನ್ನ ಜಾಗಕ್ಕೆ ಅನುಮತಿಯಿಲ್ಲದೆ ಬಂದರು ಎಂಬ ಅವನ ವಾದ ನಡೆಯಲಿಲ್ಲ, ಶಿಕ್ಷೆ ಖಾಯಂ ಆಯಿತು. ಹಂದಿ ಕಾಟಕ್ಕೆ ಮೆಕ್ಕೆಜೋಳದ ಬೇಲಿಗೆ ಕರೆಂಟು ಕೊಡುವವರೂ ಈ ತೀರ್ಪನ್ನು ತಿಳಿದಿರಬೇಕು. ಅನುಮತಿಯಿಲ್ಲದೆ ಬಂದವನ ಜೀವಕ್ಕೂ ಬೆಲೆಯಿದೆ.

ಇಂಗ್ಲೆಂಡಿನ ಎರಡು ತೀರ್ಪುಗಳನ್ನು ಜೊತೆಗಿಟ್ಟು ನೋಡಿದರೆ ಗೆರೆ ಎಲ್ಲಿ ಎಳೆಯಬೇಕು ಎಂಬುದು ಕಾಣುತ್ತದೆ. 1965ರಲ್ಲಿ ಆರು ವರ್ಷದ ಹುಡುಗನೊಬ್ಬ ಮುರಿದ ಬೇಲಿ ದಾಟಿ ವಿದ್ಯುತ್ ಹರಿಯುವ ರೈಲುಹಳಿಗೆ ತಗುಲಿ ಸುಟ್ಟುಕೊಂಡ. ಹಳಿಯ ಮೇಲೆ ಮಕ್ಕಳು ಕಂಡರೆಂಬ ಸುದ್ದಿ ಸ್ಟೇಷನ್ ಮಾಸ್ಟರಿಗೆ ಮೊದಲೇ ತಲುಪಿತ್ತು, ಬೇಲಿ ಮಾತ್ರ ರಿಪೇರಿಯಾಗಿರಲಿಲ್ಲ. ಹೆರಿಂಗ್ಟನ್ ಪ್ರಕರಣವೆಂದು ಹೆಸರಾದ ಇದರಲ್ಲಿ 1972ರಲ್ಲಿ ರೈಲ್ವೆ ಸೋತಿತು. 2003ರ ಟಾಮ್ಲಿನ್ಸನ್ ಪ್ರಕರಣದಲ್ಲಿ ಹದಿನೆಂಟರ ಯುವಕ ಈಜು ನಿಷಿದ್ಧ ಎಂಬ ಬೋರ್ಡು ಇದ್ದರೂ ಕೆರೆಯ ಕಡಿಮೆ ನೀರಿಗೆ ಡೈವ್ ಹೊಡೆದು ಕುತ್ತಿಗೆ ಮುರಿದುಕೊಂಡ. ಅವನಿಗೆ ಪರಿಹಾರ ಸಿಗಲಿಲ್ಲ. ಕಣ್ಣಿಗೆ ಕಾಣುವ ಅಪಾಯಕ್ಕೆ ತಿಳಿದೂ ಇಳಿದ ವಯಸ್ಕ ತನ್ನ ಹೊಣೆ ತಾನೇ ಹೊರಬೇಕು ಎಂದಿತು ನ್ಯಾಯಪೀಠ. ಎರಡೂ ತೀರ್ಪು ಸರಿ ಎಂದೇ ನನ್ನ ನಂಬಿಕೆ. ಕೊಬ್ಬರಿ ಹರಿಯಲು ಇಳಿಯುವ ಇಪ್ಪತ್ತೈದರ ಗಟ್ಟಿಗನಿಗೆ ಟಾಮ್ಲಿನ್ಸನ್ ಮಾತು ಒಪ್ಪುತ್ತದೆ. ಗೋಡೆಯಿಂದ ಜಾರಿ ಹೋರಿಯ ಮುಂದೆ ಬಿದ್ದ ಐದನೇ ಕ್ಲಾಸಿನ ಹುಡುಗನಿಗೆ ಒಪ್ಪುವುದಿಲ್ಲ. ಹುಡುಗರು ಬಂದೇ ಬರುತ್ತಾರೆ ಎಂಬುದು ಆ ಸ್ಟೇಷನ್ ಮಾಸ್ಟರಿಗಿಂತ ಚೆನ್ನಾಗಿ ನಮ್ಮ ಕಮಿಟಿಯವರಿಗೆ ಗೊತ್ತು. ಮೈಕಿನಲ್ಲಿ ಸಂಜೆಯವರೆಗೂ ‘ಹುಡುಗ್ರು ಹಿಂದೆ ಸರೀರಿ’ ಎಂದು ಕೂಗುವವರು ಅವರೇ.

ಬ್ಯಾನರಿನ ಸಾಲನ್ನು ಓದಿ ಒಪ್ಪಿದ ಹಾಗೆ ಅಲ್ಲವೇ ಎಂದು ಕೇಳಬಹುದು. ಹದಿನೆಂಟು ತುಂಬದವನು ಮಾಡಿಕೊಂಡ ಒಪ್ಪಂದಕ್ಕೆ ಬೆಲೆಯಿಲ್ಲ ಎಂದು 1903ರಲ್ಲೇ, ಮೊಹರಿ ಬೀಬಿ ಪ್ರಕರಣದಲ್ಲಿ, ಪ್ರೀವಿ ಕೌನ್ಸಿಲ್ ಹೇಳಿದೆ. ಸಹಿ ಹಾಕಿಸಿಕೊಂಡ ಪತ್ರಕ್ಕೇ ಈ ಗತಿಯಾದರೆ ಗಾಳಿಗೆ ಅಲ್ಲಾಡುವ ಬಟ್ಟೆಯ ಸಾಲಿಗೆ ಏನು ಬಲ? ಹೋರಿಯ ಮಾಲೀಕರದೂ ಇದೇ ಕಥೆ. ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ಕಾಯದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಅಪರಾಧ. ಅಜಾಗರೂಕತೆಯಿಂದ ಸಾವಾದರೆ 106ನೇ ಕಲಮು. ಬೆದರಿ ನುಗ್ಗಲೆಂದೇ ತಯಾರು ಮಾಡಿದ ಹೋರಿಯ ವಿಷಯದಲ್ಲಿ ಅದು ಹೀಗೆ ಮಾಡುತ್ತದೆಂದು ಗೊತ್ತಿರಲಿಲ್ಲ ಎನ್ನಲಾಗದು.

ಇಷ್ಟಿದ್ದರೂ ಮಗುವಿನ ಪರವಾಗಿ ಕೋರ್ಟಿನ ಮೆಟ್ಟಿಲು ಹತ್ತುವುದು ಸುಲಭವಲ್ಲ. ಕಾರಣ ಎಲ್ಲರಿಗೂ ಗೊತ್ತಿರುವುದೇ. ಕಮಿಟಿಯಲ್ಲಿ ಇರುವವರು ಚಿಕ್ಕಪ್ಪ, ಸೋದರಮಾವ, ಪಕ್ಕದ ಹೊಲದವರು. ದಾವೆ ಹೂಡಿದ ಮನೆ ಊರಿಗೆ ಎದುರಾಗಿ ಬದುಕಬೇಕು. ಹಾಗಾಗಿ ಇಂಥ ಸಂಗತಿ ಹಿರಿಯರ ಮುಂದೆ ಆಸ್ಪತ್ರೆಯ ಖರ್ಚಿನ ಮಾತಿನಲ್ಲೇ ಇತ್ಯರ್ಥವಾಗಿಬಿಡುತ್ತದೆ. ರಾಜಿ ತಪ್ಪಲ್ಲ. ಆದರೆ ಆ ರಾಜಿಯಲ್ಲಿ ಮಗುವಿನ ಪರ ಮಾತಾಡುವವರು ಯಾರೂ ಇರುವುದಿಲ್ಲ. ಕಾಲು ಕಳೆದುಕೊಂಡವನಿಗೆ ಮುಂದಿನ ಐವತ್ತು ವರ್ಷದ ದುಡಿಮೆ ಹೋಗಿರುತ್ತದೆ, ಪಂಚಾಯ್ತಿ ಲೆಕ್ಕ ಹಾಕುವುದು ಮೂರು ವಾರದ ಆಸ್ಪತ್ರೆ ಬಿಲ್ಲನ್ನು. ಕೋರ್ಟಿಗೆ ಹೋದರೆ ಲೆಕ್ಕ ಬೇರೆಯೇ ಇರುತ್ತದೆ. ಹರಿಯಾಣದಲ್ಲಿ ವಿದ್ಯುತ್ ತಂತಿ ತಗುಲಿ ಎರಡೂ ಕೈ, ಒಂದು ಕಾಲು ಕಳೆದುಕೊಂಡ ಪುಟ್ಟ ಹುಡುಗನಿಗೆ 2014ರಲ್ಲಿ ಸುಪ್ರೀಂ ಕೋರ್ಟ್ 60 ಲಕ್ಷ ರೂಪಾಯಿ ಉಳಿಸಿಕೊಟ್ಟಿತು. ಬದುಕಿಡೀ ಬೇಕಾಗುವ ಆರೈಕೆಯೂ ಅಂಥ ಲೆಕ್ಕದಲ್ಲಿ ಸೇರುತ್ತದೆ.

ಎರಡು ಸಂಗತಿ ಊರ ಜನಕ್ಕೆ ತಿಳಿದಿರಬೇಕು. ಗಾಯಗೊಂಡ ಮಗುವಿನ ದಾವೆಯ ಅವಧಿ ಅವನಿಗೆ ಹದಿನೆಂಟು ತುಂಬಿದ ಮೇಲೆ ಎಣಿಕೆಗೆ ಬರುತ್ತದೆ. ಅಪ್ಪ ಸುಮ್ಮನಿದ್ದರೂ ಇಪ್ಪತ್ತೊಂದರವರೆಗೆ ಅವನೇ ಕೇಳಬಹುದು. ಮಗು ಸತ್ತಿದ್ದರೆ ಮಾತ್ರ 1855ರ ಮಾರಣಾಂತಿಕ ಅಪಘಾತಗಳ ಕಾಯಿದೆಯಡಿ ಎರಡೇ ವರ್ಷ. ಇನ್ನೊಂದು, ಮಕ್ಕಳಿಗೂ ಮಹಿಳೆಯರಿಗೂ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುವ ತಾಲ್ಲೂಕು ಕಾನೂನು ಸೇವಾ ಸಮಿತಿಗಳಿವೆ.

ಹೆತ್ತವರ ಹೊಣೆ ಇಲ್ಲವೆಂದು ನಾನು ಹೇಳುತ್ತಿಲ್ಲ. ಆರು ವರ್ಷದ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಅಖಾಡದ ಅಂಚಿಗೆ ಹೋಗುವ ಅಪ್ಪ ದೊಡ್ಡ ತಪ್ಪು ಮಾಡುತ್ತಿದ್ದಾನೆ. ಅವನಿಗೆ ಅದನ್ನು ಮುಖಕ್ಕೇ ಹೇಳಬೇಕು. ಆದರೆ ಅಪ್ಪನ ತಪ್ಪನ್ನು ಮಗನ ಪರಿಹಾರದಲ್ಲಿ ಮುರಿದುಕೊಳ್ಳುವುದು ಸಲ್ಲದು.

ದಾವೆಗಳು ಹೆಚ್ಚಾದರೆ ಹಬ್ಬ ಸಾಯುತ್ತದೆ ಎಂಬ ಭಯವನ್ನು ತಮಿಳುನಾಡು ಸುಳ್ಳು ಮಾಡಿದೆ. ಅಲ್ಲಿ 2017ರ ನಿಯಮಗಳ ಪ್ರಕಾರ ಜಲ್ಲಿಕಟ್ಟಿಗೆ ಜಿಲ್ಲಾಧಿಕಾರಿಯ ಅನುಮತಿ, ಎರಡು ಸಾಲಿನ ತಡೆಬೇಲಿ, ಹಿಡಿಯುವವರ ನೋಂದಣಿ ಬೇಕು. ಜಲ್ಲಿಕಟ್ಟು ನಿಂತಿಲ್ಲ. ನಮ್ಮಲ್ಲಿ ಕಂಬಳ, ಎತ್ತಿನ ಓಟಗಳಿಗಾಗಿ ತಂದ 2017ರ ತಿದ್ದುಪಡಿಯನ್ನು ಸಂವಿಧಾನ ಪೀಠ 2023ರ ಮೇ 18ರಂದು ಎತ್ತಿಹಿಡಿಯಿತು. ಅದು ಪ್ರಾಣಿಹಿಂಸೆ ತಡೆ ಕಾಯಿದೆಗೆ ಮಾಡಿದ ತಿದ್ದುಪಡಿ, ಅದರ ಚಿಂತೆ ಪ್ರಾಣಿಯ ನೋವು. ಗೋಡೆಯ ಮೇಲೆ ಕೂತ ಹುಡುಗನ ಚಿಂತೆಯನ್ನು ಅನುಮತಿ ಕೊಡುವ ತಹಶೀಲ್ದಾರರೂ ಪೊಲೀಸರೂ ಮಾಡಬೇಕು. ಬೀದಿಯಲ್ಲಿ ಬೇಡ, ಬಯಲಿಗೆ ಒಯ್ಯಿರಿ ಎನ್ನಬೇಕು. ಎರಡು ಸಾಲು ಬೇಲಿ, ಮಕ್ಕಳಿಗೆ ಎತ್ತರದ ಪ್ರತ್ಯೇಕ ಜಾಗ, ಪ್ರೇಕ್ಷಕರ ಹೆಸರಿನಲ್ಲಿ ವಿಮೆ ಇಲ್ಲದೆ ಅರ್ಜಿ ತೆಗೆದುಕೊಳ್ಳಬಾರದು. ಬಹುಮಾನಕ್ಕೆ ಬೈಕು ಕೊಡಬಲ್ಲ ಕಮಿಟಿಗೆ ವಿಮೆಯ ಕಂತು ಕಟ್ಟುವುದು ಭಾರವಾಗದು. ಅರ್ಜಿಯ ಕೆಳಗೆ, ಬ್ಯಾನರಿನ ಆ ಸಾಲಿರುವ ಜಾಗದಲ್ಲಿ, ಹೊಣೆ ಹೊತ್ತ ಐದು ಜನ ಹಿರಿಯರ ಹೆಸರು, ಸಹಿ, ಫೋನ್ ನಂಬರು ಇರಬೇಕು.