‘ದಿನರಂಗ’ರ ಬಂದಿಶ್‌ಗಳು: ರಚನೆ ಮತ್ತು ಬೋಧನೆಯ ಸಂಬಂಧ

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಹಲವು ಊರುಗಳು ಹಿಂದುಸ್ತಾನಿ ಸಂಗೀತದ ಚರಿತ್ರೆಯಲ್ಲಿ ಕುಲನಾಮಗಳಾಗಿ ಉಳಿದಿವೆ. ಭಟ್ಕಳದ ಕಾಯ್ಕಿಣಿ, ಹೊನ್ನಾವರದ ಹಳದೀಪುರ ಇದಕ್ಕೆ ನಿದರ್ಶನ. ಮುಂಬಯಿಗೆ ವಲಸೆ ಹೋದ ಸಾರಸ್ವತ ಕುಟುಂಬಗಳು ಊರನ್ನು ಬಿಟ್ಟರೂ ಊರಿನ ಹೆಸರನ್ನು ಬಿಡಲಿಲ್ಲ. ಪಂ. ದಿನಕರ ಕಾಯ್ಕಿಣಿ (1927-2010) ಜನಿಸಿದ್ದು ಮುಂಬಯಿಯಲ್ಲಿ, ಉನ್ನತ ಶಿಕ್ಷಣ ಪಡೆದದ್ದು ಲಖನೌದಲ್ಲಿ. ಆದ್ದರಿಂದ ಅವರನ್ನು ಕರಾವಳಿಯ ಹೆಮ್ಮೆಯೆಂದು ಕೊಂಡಾಡಿ ಸುಮ್ಮನಾಗುವುದು ವಿಮರ್ಶೆಯೆನಿಸದು. ಕುಲನಾಮ ಮೂಲವನ್ನು ಸೂಚಿಸೀತೇ ಹೊರತು ರಚನೆಯ ಮೌಲ್ಯವನ್ನಲ್ಲ.

ಪಂ. ಭಾತಖಂಡೆಯವರು 1926ರಲ್ಲಿ ಸ್ಥಾಪಿಸಿದ ಲಖನೌದ ಮ್ಯಾರಿಸ್ ಕಾಲೇಜಿನಲ್ಲಿ ಕಾಯ್ಕಿಣಿಯವರಿಗೆ ಗುರುಗಳಾಗಿ ದೊರೆತವರು ಪಂ. ಎಸ್.ಎನ್. ರತಂಜನಕರ್. ಭಾತಖಂಡೆಯವರ ಶಾಸ್ತ್ರಚಿಂತನೆ ಮತ್ತು ಉಸ್ತಾದ್ ಫೈಯಾಜ್ ಖಾನರ ಆಗ್ರಾ ಗಾಯಕಿ ಇವೆರಡನ್ನೂ ಅರಗಿಸಿಕೊಂಡಿದ್ದ ರತಂಜನಕರರು ‘ಸುಜನ’ ಎಂಬ ಅಂಕಿತದಲ್ಲಿ ಬಂದಿಶ್‌ಗಳನ್ನು ರಚಿಸಿದರು. ಅವರ ಶಿಷ್ಯರಾದ ಬೈಲಹೊಂಗಲದ ಪಂ. ಕೆ.ಜಿ. ಗಿಂಡೆಯವರದು ‘ಸುಜನಸುತ’, ಕಾಯ್ಕಿಣಿಯವರದು ‘ದಿನರಂಗ’. ಗಿಂಡೆಯವರ ಅಂಕಿತ ಗುರುವಿನ ಹೆಸರನ್ನು ಹೊತ್ತಿದ್ದರೆ, ಕಾಯ್ಕಿಣಿಯವರದು ತಮ್ಮ ಹೆಸರನ್ನೇ ಅವಲಂಬಿಸಿದೆ.

ಈ ಪರಂಪರೆಯಲ್ಲಿ ಬಂದಿಶ್ ಎಂಬುದು ವಿಸ್ತಾರಕ್ಕೆ ನೆಪವಾದ ಸಾಹಿತ್ಯವಲ್ಲ. ಅದು ರಾಗದ ಸಂಕ್ಷಿಪ್ತ ಲಕ್ಷಣ. ಸ್ಥಾಯಿಯು ರಾಗದ ಮುಖ್ಯ ಸಂಗತಿಗಳನ್ನು ನೆಲೆಗೊಳಿಸಿದರೆ, ಅಂತರಾ ತಾರಷಡ್ಜದತ್ತ ಸಾಗುವ ದಾರಿಯನ್ನು ತೋರುತ್ತದೆ. ಮುಖಡಾ ಸಮ್‌ಗೆ ಬಂದು ಸೇರುವ ಬಗೆಯಲ್ಲಿ ಲಯದ ಪಾಠವೂ ಅಡಗಿದೆ. ಮುಂಬಯಿಯ ಭಾರತೀಯ ವಿದ್ಯಾಭವನದ ಸಂಗೀತ ನರ್ತನ ಶಿಕ್ಷಾಪೀಠದ ಪ್ರಾಂಶುಪಾಲರಾಗಿದ್ದ ಕಾಯ್ಕಿಣಿಯವರಿಗೆ ರಚನೆ ಮತ್ತು ಬೋಧನೆ ಬೇರೆ ಬೇರೆ ವೃತ್ತಿಗಳಾಗಿರಲಿಲ್ಲ. ‘ಗಗನ ವಿಹಂಗ’ದಂತಹ ನೂತನ ರಾಗದ ವಿಷಯದಲ್ಲಿ ಈ ಸಂಬಂಧ ಇನ್ನಷ್ಟು ಸ್ಪಷ್ಟ. ಪ್ರಚಲಿತ ರಾಗಕ್ಕೆ ನೂರಾರು ರಚನೆಗಳ ಆಧಾರವಿರುತ್ತದೆ. ಹೊಸ ರಾಗಕ್ಕೆ ಕರ್ತೃವಿನ ಬಂದಿಶ್ ಮತ್ತು ಅದನ್ನು ಹಾಡುವ ಶಿಷ್ಯರೇ ಆಧಾರ.

ಈ ಪಂಥದ ಗಾಯನದಲ್ಲಿ ಪಾಂಡಿತ್ಯ ಹೆಚ್ಚು, ರಸ ಕಡಿಮೆ ಎಂಬ ಆಕ್ಷೇಪವುಂಟು. ಅದನ್ನು ಪೂರ್ಣವಾಗಿ ತಳ್ಳಿಹಾಕಲಾಗದು. ವ್ಯಾಕರಣವನ್ನು ಕಲಿಸಲೆಂದೇ ಕಟ್ಟಿದ ರಚನೆ ಕೆಲವೊಮ್ಮೆ ಉದಾಹರಣೆಯ ಮಟ್ಟದಲ್ಲೇ ನಿಲ್ಲುವ ಅಪಾಯವಿದೆ. ಆದರೆ ಆಗ್ರಾ ಶೈಲಿಯ ನೋಮ್‌ತೋಮ್ ಆಲಾಪ ಹಾಗೂ ಬೋಲ್‌ಬಾಂಟ್‌ಗಳ ಒಡನಾಟದಲ್ಲಿ ಅದೇ ರಚನೆ ಜೀವ ತಳೆಯುತ್ತದೆ. ಹಾಗಾಗಿ ಸ್ವರಲಿಪಿಯನ್ನಷ್ಟೇ ನೋಡಿ ನೀಡುವ ತೀರ್ಪು ಅಪೂರ್ಣ.

‘ರಾಗರಂಗ’ ಸಂಕಲನದಿಂದಾಗಿ ಕಾಯ್ಕಿಣಿಯವರ ಬಂದಿಶ್‌ಗಳು ಲಿಖಿತರೂಪದಲ್ಲಿ ಉಳಿದಿವೆ. ಲಿಪಿ ಸ್ವರವನ್ನು ಕಾಯುತ್ತದೆ. ಉಚ್ಚಾರ, ಮೀಂಡ್, ಒತ್ತುಗಳನ್ನು ಕಾಯಬೇಕಾದುದು ಕಂಠ. ಇತರ ಘರಾಣೆಗಳ ಗಾಯಕರೂ ಈ ರಚನೆಗಳನ್ನು ಕೈಗೆತ್ತಿಕೊಂಡಾಗ ಮಾತ್ರ ಅವು ಶಿಷ್ಯವೃಂದದ ಆಸ್ತಿಯಾಗಿ ಉಳಿಯದೆ ಪರಂಪರೆಯ ಭಾಗವಾಗುತ್ತವೆ. ವಾಗ್ಗೇಯಕಾರನೊಬ್ಬನ ಸಾಧನೆಗೆ ಇದೇ ನಿಜವಾದ ಒರೆಗಲ್ಲು.