ಅಫೀಮಿನ ವ್ಯಸನ ಮತ್ತು ಭಾವಶಿಕ್ಷಣ: ಒಂದು ವಿಮರ್ಶೆ

ಅಫೀಮು, ಹೆರಾಯಿನ್ ಹಾಗೂ ಆ ಜಾತಿಯ ನೋವುನಿವಾರಕಗಳ ವ್ಯಸನದಿಂದ ಬಿಡಿಸಿಕೊಳ್ಳುತ್ತಿರುವವರಿಗೆ ತಮ್ಮ ಭಾವಗಳನ್ನು ಹದದಲ್ಲಿಟ್ಟುಕೊಳ್ಳುವ ಶಿಕ್ಷಣವನ್ನು ಕೊಡುವ ಕ್ರಮವೊಂದು ಅಮೆರಿಕದ ಮನಶ್ಶಾಸ್ತ್ರದಲ್ಲಿ ಬೆಳೆದುಬಂದಿದೆ. ಕನ್ನಡದಲ್ಲಿ ಇದನ್ನು 'ಭಾವನಿಗ್ರಹ'ವೆಂದು ಕರೆಯುವ ಮನಸ್ಸು ಸುಲಭವಾಗಿ ಬರುತ್ತದೆ. ಆದರೆ ಆ ಹೆಸರು ವಿಷಯವನ್ನೇ ಕೆಡಿಸುತ್ತದೆಂದು ನಮ್ಮ ಅಭಿಪ್ರಾಯ. ನಿಗ್ರಹವೆಂದರೆ ತಡೆ, ತಡೆಯಲಾರದವನು ಹೇಡಿಯೆಂಬ ತೀರ್ಪು ಆ ಮಾತಿನ ಬೆನ್ನಿಗೇ ಬರುತ್ತದೆ.

ವ್ಯಸನಿಯ ಸ್ಥಿತಿಯನ್ನು ನೋಡೋಣ. ದೀರ್ಘಕಾಲದ ಸೇವನೆಯಿಂದ ಮಿದುಳಿನಲ್ಲಿ ಸುಖವನ್ನು ಗ್ರಹಿಸುವ ಶಕ್ತಿ ಮಂದವಾಗಿ, ಉದ್ವೇಗ ಮಾತ್ರ ಚುರುಕಾಗಿರುತ್ತದೆ. ಮದ್ದು ನಿಂತೊಡನೆ ನಿದ್ರೆ ಕೆಡುತ್ತದೆ, ಮನಸ್ಸು ಕುದಿಯುತ್ತದೆ. ಊಟ, ಸಂಗೀತ, ಮಕ್ಕಳ ಮಾತು ಯಾವುದೂ ರುಚಿಸದು. ಮೊದಲು ಸುಖಕ್ಕಾಗಿ ಸೇವಿಸಿದವನು ಕಡೆಗೆ ಈ ಯಾತನೆಗೆ ಅಂಜಿ ಸೇವಿಸುತ್ತಾನೆ. ಇಂಥವನಿಗೆ ನಿಗ್ರಹದ ಉಪದೇಶದಿಂದ ಆಗುವುದೇನು? ಜೇಮ್ಸ್ ಗ್ರಾಸ್ ೧೯೯೮ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಜುಗುಪ್ಸೆಯನ್ನು ಹುಟ್ಟಿಸುವ ಚಿತ್ರವನ್ನು ನೋಡುತ್ತ ಮುಖದಲ್ಲಿ ಏನನ್ನೂ ತೋರಗೊಡದವರಿಗೆ ಒಳಗಿನ ಜುಗುಪ್ಸೆ ತಗ್ಗಲಿಲ್ಲ. ದೇಹದ ಉದ್ರೇಕವಂತೂ ಹೆಚ್ಚಿತು. ಕಂಡದ್ದನ್ನು ಬೇರೊಂದು ದೃಷ್ಟಿಯಿಂದ ನೋಡಿದವರಲ್ಲಿ ಜುಗುಪ್ಸೆಯೇ ಇಳಿಯಿತು. (ನಮ್ಮ ಆಲಂಕಾರಿಕರಿಗೆ ಈ ಪ್ರಯೋಗ ಸ್ವಾರಸ್ಯವಾಗಿ ಕಂಡೀತು.)

ಎರಿಕ್ ಗಾರ್ಲೆಂಡ್ ರೂಪಿಸಿದ ೮ ವಾರಗಳ ಶಿಕ್ಷಣಕ್ರಮದ ಹಿರಿಮೆ ಇರುವುದು ಇಲ್ಲಿಯೇ. ಅದರಲ್ಲಿ ಉಸಿರಿನ ಮೇಲಣ ಗಮನವೂ ಉಂಟು, ಸನ್ನಿವೇಶವನ್ನು ಹೊಸದಾಗಿ ಅರ್ಥೈಸುವ ಅಭ್ಯಾಸವೂ ಉಂಟು. ಆದರೆ ವಿಶೇಷವಾದುದು ಸವಿಯುವ ಅಭ್ಯಾಸ. ಹೂವೊಂದನ್ನು ಕೈಗಿತ್ತು, ಅದರ ಬಣ್ಣ, ಗಂಧ, ಸ್ಪರ್ಶಗಳಲ್ಲಿ ಮನಸ್ಸನ್ನು ನಿಲ್ಲಿಸಲು ಹೇಳುತ್ತಾರೆ. ಬತ್ತಿದ ಸುಖವನ್ನು ಮತ್ತೆ ಒಸರಿಸುವ ಯತ್ನವಿದು. ನಿಗ್ರಹಕ್ಕೆ ತೀರ ವಿರುದ್ಧವಾದದ್ದು.

ಫಲವೇನು? ನೋವಿಗೆಂದು ಕೊಟ್ಟ ಮದ್ದನ್ನು ದುರುಪಯೋಗಪಡಿಸುತ್ತಿದ್ದ ೨೫೦ ರೋಗಿಗಳ ಪರೀಕ್ಷೆ ೨೦೨೨ರಲ್ಲಿ ಪ್ರಕಟವಾಯಿತು. ೯ ತಿಂಗಳ ಹೊತ್ತಿಗೆ ಪರೀಕ್ಷೆಗೆ ದೊರೆತವರಲ್ಲಿ, ಈ ಶಿಕ್ಷಣ ಪಡೆದ ಶೇಕಡ ೪೫ ಮಂದಿ ದುರುಪಯೋಗವನ್ನು ಬಿಟ್ಟಿದ್ದರು. ಬರಿಯ ಗುಂಪು ಸಮಾಲೋಚನೆ ಪಡೆದವರಲ್ಲಿ ಶೇಕಡ ೨೪. ಅಂತರ ದೊಡ್ಡದೇ. ಆದರೂ ಶಿಕ್ಷಣ ಪಡೆದವರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಮಂದಿ ಬಿಡಲಿಲ್ಲವೆಂಬುದನ್ನು ಮರೆಯಬಾರದು.

ನಮಗೆ ಇದಕ್ಕಿಂತ ಮಹತ್ವದ್ದಾಗಿ ತೋರುವುದು ನ್ಯೂಜರ್ಸಿಯಲ್ಲಿ ನಡೆದು ೨೦೨೪ರಲ್ಲಿ ಪ್ರಕಟವಾದ ಪರೀಕ್ಷೆ. ಅದರಲ್ಲಿದ್ದ ೧೫೪ ಮಂದಿಯೂ ಮೆಥಡೋನ್ ಚಿಕಿತ್ಸೆಯಲ್ಲಿದ್ದವರು. ಡೋಲ್ ಮತ್ತು ನೈಸ್ವಾಂಡರ್ ೧೯೬೫ರಲ್ಲಿ ಲೋಕಕ್ಕೆ ತೋರಿದ ಚಿಕಿತ್ಸೆಯದು. ಭಾವಶಿಕ್ಷಣವನ್ನೂ ಪಡೆದವರು ಆ ಚಿಕಿತ್ಸೆಯನ್ನು ನಡುವೆ ತೊರೆಯುವ ಸಂಭವ ಶೇಕಡ ೫೯ರಷ್ಟು ಕಡಮೆಯಾಯಿತು. ತೊರೆದವನ ಗತಿ ವೈದ್ಯರಿಗೆ ಗೊತ್ತು: ದೇಹದ ತಾಳಿಕೆ ಕುಗ್ಗಿರುವಾಗ ಹಳೆಯ ಪ್ರಮಾಣವನ್ನೇ ಸೇವಿಸಿ ಉಸಿರು ನಿಂತು ಸಾಯುತ್ತಾನೆ. ಆದ್ದರಿಂದ ಔಷಧವನ್ನು ಕೈಬಿಟ್ಟು ಮನೋಬಲದಿಂದಲೇ ಗೆಲ್ಲಬೇಕೆನ್ನುವವರು ಈ ಪರೀಕ್ಷೆಯನ್ನು ತಮ್ಮ ಆಧಾರವಾಗಿ ಉದಾಹರಿಸುವುದನ್ನು ನಾವು ಒಪ್ಪಲಾರೆವು. ಇಲ್ಲಿ ಶಿಕ್ಷಣ ಔಷಧಕ್ಕೆ ಪ್ರತಿಯಾಗಿ ಬಂದದ್ದಲ್ಲ, ಜೊತೆಯಾಗಿ ಬಂದದ್ದು. ಅಲ್ಲದೆ ಪರೀಕ್ಷೆ ನಡೆದದ್ದು ೧೬ ವಾರ ಮಾತ್ರ. ಅದರಾಚೆಗೆ ಈ ಹಿಡಿತ ಎಷ್ಟು ಕಾಲ ನಿಲ್ಲುವುದೆಂಬುದನ್ನು ಅದು ಅಳೆಯಲಿಲ್ಲ.